ಹಸಿರು ಗೆರೆಯ ಬಾಲ

ಡಾಕ್ಟರಾ ಇನ್ಸಾಫ್ ಅವರಿಗೆ ತಮ್ಮ ಹೆಸರು ಎಲ್ಲಿ ಕಂಡರೂ ಹೊಡೆದುಹಾಕುವ ಅಭ್ಯಾಸವಿತ್ತು. ಅದರಲ್ಲಿ ಸಿಟ್ಟೂ ಇರಲಿಲ್ಲ, ವಿನಯದ ಪ್ರದರ್ಶನವೂ ಇರಲಿಲ್ಲ. ಅನ್ನದಲ್ಲಿ ಕಲ್ಲು ಕಂಡರೆ ಆಡುತ್ತಿರುವ ಮಾತು ನಿಲ್ಲಿಸದೆಯೇ ಬೆರಳು ಅದನ್ನು ಹೆಕ್ಕಿ ತಟ್ಟೆಯ ಅಂಚಿಗಿಡುವುದಿಲ್ಲವೇ, ಹಾಗೆ. ಶಿಷ್ಯರು ತಂದೊಪ್ಪಿಸಿದ ಪ್ರಬಂಧದ ಕರಡನ್ನು ಓದುತ್ತ ಓದುತ್ತ, 'ಇನ್ಸಾಫ್ ಶಹಾತಾ ಅವರು ತೋರಿಸಿರುವಂತೆ' ಎಂಬಲ್ಲಿಗೆ ಬಂದೊಡನೆ ಅವರ ಹಸಿರು ಪೆನ್ನು, ಅರಬ್ಬಿ ಬರಹದಂತೆ ಬಲದಿಂದ ಎಡಕ್ಕೆ, ಆ ಹೆಸರಿನ ಮೇಲೆ ಒಂದು ಗೆರೆ ಎಳೆದು, ತುದಿಯಲ್ಲಿ ಕೆಳಕ್ಕೊಂದು ಚಿಕ್ಕ ಬಾಲ ಕೊಂಕಿಸಿ, ಮುಂದಿನ ಸಾಲಿಗೆ ಹೋಗಿಬಿಡುತ್ತಿತ್ತು. ಅವರ ಕೈಕೆಳಗೆ ಇಪ್ಪತ್ತಾರು ವರ್ಷಗಳಲ್ಲಿ ತೊಂಬತ್ತನಾಲ್ಕು ಮಂದಿ ಪದವಿ ಪಡೆದರು. ಒಬ್ಬರ ಆಕರಪಟ್ಟಿಯಲ್ಲೂ ಅವರ ಹೆಸರಿಲ್ಲ.

ಏಕೆಂದು ಕೇಳಿದ ಶಿಷ್ಯನೊಬ್ಬನಿಗೆ ಅವರು ಹೇಳಿದ್ದು ಕಾಲೇಜಿನಲ್ಲಿ ಬಹುಕಾಲ ಓಡಾಡಿತು. "ಗುರುವೂ ನಾನೇ, ಪರೀಕ್ಷೆ ಮಾಡೋಳೂ ನಾನೇ. ನನ್ನ ಹೆಸರು ಬರೀದೇ ಇರೋಕೆ ನಿನಗೆ ಭಯ. ಭಯಕ್ಕೆ ಬರೆದದ್ದು ಉಲ್ಲೇಖ ಅಲ್ಲ ಕಣೋ, ಸಲಾಮು."

ನೈಲ್ ನದಿ ಕಡಲು ಸೇರುವ ಮುನ್ನ ಸಿಗುವ ಪೇಟೆಗಳಲ್ಲಿ ನಮ್ಮ ಕಫ್ರ್ ಸಾಕಿಯಾ ಕೊನೆಯದಕ್ಕೆ ಹತ್ತಿರದ್ದು. ಇಲ್ಲಿ ಮನೆಗೊಬ್ಬ ಬಡಗಿ, ಬೀದಿಗೊಂದು ಮುಶಬ್ಬಕ್ ಸಿಹಿಯ ಬಾಣಲೆ. ಮಕ್ಕಳು ಹುಟ್ಟಿದ ಮೇಲೆ ಮೊದಲು ಉಸಿರಾಡುವುದೇ ಮರದ ಹೊಟ್ಟಿನ ವಾಸನೆ. ಇನ್ಸಾಫ್ ಅವರ ತಂದೆ ಉಸ್ತಾ ಶಹಾತಾ ಕಪಾಟು ಮಾಡುವುದರಲ್ಲಿ ಹೆಸರಾದ ಕುಶಲಕರ್ಮಿ. ಮಗಳು ಮನಶ್ಶಾಸ್ತ್ರ ಓದಿ, ಶಿಕ್ಷಣ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾಗಿ, ಊರಿನವರ ಬಾಯಲ್ಲಿ ಹೆಣ್ಣು ಡಾಕ್ಟರ್ ಎಂಬರ್ಥದ 'ಡಾಕ್ಟರಾ' ಆಗಿ, ಅರವತ್ತು ದಾಟಿ ನಿವೃತ್ತಿಯ ನಂತರವೂ ಅಲ್ಲಿಯೇ ಉಳಿದರು. ಆದರೆ ಅಂಗಡಿಯನ್ನು ಮೈಮೇಲಿಂದ ಇಳಿಸಲಿಲ್ಲ. ಬಡಗಿಗಳು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಆ ಹಸಿರು ಪೆನ್ನನ್ನು ಅವರು ತಲೆವಸ್ತ್ರದ ಮಡಿಕೆಯೊಳಗೆ, ಸರಿಯಾಗಿ ಬಲಗಿವಿಯ ಮೇಲೆ ಸಿಕ್ಕಿಸಿಕೊಂಡಿರುತ್ತಿದ್ದರು. ಚಳಿ ಬಂದೊಡನೆ ಮೈಗೇರಿದ ತಂದೆಯ ಕಂದು ಉಣ್ಣೆಯ ಕೋಟು ವಸಂತದ ಶಮ್ಮುನ್ನಸೀಮ್ ಹಬ್ಬದ ಈರುಳ್ಳಿ, ಉಪ್ಪುಮೀನು ತಿಂದ ಮರುದಿನವೇ ಇಳಿಯುತ್ತಿದ್ದುದು. ತೋಳು ಎರಡು ಮಡಿಕೆ ಮಡಿಸಿದರೂ ಉದ್ದ. ಜೇಬು ಕೊಡವಿದರೆ ಆಗಲೂ ಒಂದಿಷ್ಟು ಹೊಟ್ಟು ಉದುರುತ್ತಿತ್ತಂತೆ. ಆಳು ಕುಳ್ಳು. ನಡಿಗೆಯೋ, ನೆಲ ಕಾದಿದೆ ಎಂಬಂತೆ ಪುಟ್ಟ ಪುಟ್ಟ ಬಿರುಸಾದ ಹೆಜ್ಜೆ. ಮೊಣಕೈಗೆ ಸದಾ ಒಂದು ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಕೆಳಗೆ ಪ್ರಬಂಧಗಳು, ಮೇಲೆ ಮುಲೂಖಿಯ್ಯ ಸೊಪ್ಪು. ಬುಟ್ಟಿಯ ದೆಸೆಯಿಂದ ಅವರು ಯಾವ ಬಾಗಿಲನ್ನೂ ನೇರವಾಗಿ ಹೊಕ್ಕವರಲ್ಲ. ಏಡಿಯಂತೆ ಅಡ್ಡಡ್ಡ ಬರುತ್ತಿದ್ದರು. ಅವರು ತಿದ್ದಿದ ಅಧ್ಯಾಯಗಳಲ್ಲಿ ಸೊಪ್ಪಿನ ತೇವ ಅಂಟಿರುತ್ತಿದ್ದುದನ್ನು ಶಿಷ್ಯರು ಆಶೀರ್ವಾದವೆಂದೇ ತಿಳಿದಿದ್ದರು.

ಎಷ್ಟೇ ದೊಡ್ಡ ಪ್ರಬಂಧವಿರಲಿ, ಎಷ್ಟೇ ಕೋಷ್ಟಕಗಳಿರಲಿ, ಕೊನೆಯ ಪುಟ ಮಗುಚಿದ ಮೇಲೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಎಲ್ಲಾ ಚೆನ್ನಾಗಿದೆ. ಇದರಲ್ಲಿ ಮಗು ಎಲ್ಲಿದೆ?" ಅಂಚಿನಲ್ಲೂ ಅದೇ ಬರೆಯುತ್ತಿದ್ದರು. ಓದಲು ತಡವರಿಸುವ ಮಕ್ಕಳ ಬಗ್ಗೆ ಇನ್ನೂರು ಪುಟ ಬರೆದು ಒಂದು ಮಗುವಿನ ಒಂದು ಮಾತನ್ನೂ ಬರೆಯದವನು ಅವರ ಮುಂದೆ ಬೆವರುತ್ತಿದ್ದ. ಒಮ್ಮೆ ಪ್ರಬಂಧದ ಬಹಿರಂಗ ಮೌಖಿಕ ಪರೀಕ್ಷೆಯ ದಿನ, ಅಭ್ಯರ್ಥಿಯ ನೆಂಟರೆಲ್ಲ ಹಿಂದಿನ ಸಾಲುಗಳಲ್ಲಿ ಕೇಕಿನ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದಿದ್ದಾಗ, ಇನ್ಸಾಫ್ ಎಂದಿನಂತೆ "ಮಗು ಎಲ್ಲಿ?" ಎಂದರು. ಹಿಂದಿನಿಂದ ಅಭ್ಯರ್ಥಿಯ ತಾಯಿ ಎದ್ದು ನಿಂತು, "ನಿಮ್ಮ ಮುಂದೇನೇ ನಿಂತೈತಲ್ಲ ಡಾಕ್ಟರಾ! ಮೂವತ್ನಾಕು ವರ್ಷದ ಮಗು. ಬೇಗ ಪಾಸು ಮಾಡಿ ಕಳಿಸಿ, ಹೆಣ್ಣು ನೋಡಿಟ್ಟಿದೀನಿ!" ಎಂದು ಒಂದು ಹರ್ಷದ ಉಲುಲು ಹಾಕಿಯೇಬಿಟ್ಟಳು. ಎಲ್ಲರಿಗಿಂತ ಹೆಚ್ಚು ನಕ್ಕವರು ಇನ್ಸಾಫ್. ನಕ್ಕು ಕಣ್ಣೊರೆಸಿಕೊಂಡು, ತಿದ್ದುಪಡಿಗೆಂದು ಎರಡು ತಿಂಗಳು ಕೊಟ್ಟು ಕಳಿಸಿದರು.

ಅವರ ಸ್ವಂತ ಮಕ್ಕಳು ಇದ್ದದ್ದು ಕಾಲೇಜಿನ ಕೆಳ ಅಂತಸ್ತಿನ ಮೂರನೆಯ ಕೊಠಡಿಯಲ್ಲಿ. ಶನಿವಾರ ಮತ್ತು ಮಂಗಳವಾರ ಸುತ್ತಲಿನ ಶಾಲೆಗಳಿಂದ, ಎಂಟು ಒಂಬತ್ತು ವಯಸ್ಸಾದರೂ ಅಕ್ಷರ ಕೂಡಿಸಲಾಗದ ಮಕ್ಕಳು ಅಲ್ಲಿಗೆ ಬರುತ್ತಿದ್ದವು. ಉಸ್ತಾ ಶಹಾತಾ ಸಾಯುವ ಮುಂಚೆ ಮಾಡಿಕೊಟ್ಟ ಗಿಡ್ಡ ಮೇಜುಗಳು, ದುಂಡು ಮೂಲೆಗಳು. ಅದೇ ಕೊಠಡಿಯಲ್ಲಿ, ಯೌವನದಲ್ಲಿ, ಇನ್ಸಾಫ್ ನಲವತ್ತು ಚಿತ್ರಚೀಟಿಗಳ ಒಂದು ಪರೀಕ್ಷೆಯನ್ನು ರೂಪಿಸಿದ್ದರು: ಚೀಟಿ ತೋರಿಸಿ ಮಗುವಿನ ಉತ್ತರ ಕೇಳಿದರೆ ಅದು ಎಲ್ಲಿ ಎಡವುತ್ತಿದೆ, ಕಣ್ಣಿನಲ್ಲೋ ಕಿವಿಯಲ್ಲೋ ನೆನಪಿನಲ್ಲೋ ಭಯದಲ್ಲೋ ಎಂದು ತಿಳಿಯುತ್ತಿತ್ತು. ಆ ಪರೀಕ್ಷೆ ಶಾಲೆಯಿಂದ ಶಾಲೆಗೆ, ನಕಲಿನ ನಕಲಿನ ನಕಲಾಗಿ, ಇಡೀ ನದೀಮುಖದ ಹಳ್ಳಿಗಳಿಗೆಲ್ಲ ಹೋಗಿತ್ತು. ಮಾಡಿದವರಾರೆಂದು ಯಾರಿಗೂ ಗೊತ್ತಿಲ್ಲ. ಮೊದಲ ಚೀಟಿಯಲ್ಲಿ ಬಾತುಕೋಳಿ ಇದ್ದದ್ದರಿಂದ ಮೇಷ್ಟ್ರುಗಳು ಅದನ್ನು 'ಬಾತುಕೋಳಿ ಪರೀಕ್ಷೆ' ಎನ್ನುತ್ತಿದ್ದರು. ವಿದ್ವಾಂಸರು ಕೂಡ 'ಪ್ರಸಿದ್ಧವಾದ ಬಾತುಕೋಳಿ ಪರೀಕ್ಷೆ' ಎಂದು ಬರೆದು ಮುಂದೆ ಸಾಗುತ್ತಿದ್ದರು. ಅಷ್ಟು ಪ್ರಸಿದ್ಧವಾದದ್ದಕ್ಕೆ ಆಕರ ಕೊಡುವುದುಂಟೇ? ನಕಲು ಯಂತ್ರದ ಕೃಪೆಯಿಂದ ಬಾತುಕೋಳಿ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತ ಬಂದು ಕೊನೆಗೊಂದು ಮಸಿಯ ಮುದ್ದೆಯಾಯಿತು. ಮಕ್ಕಳೆಲ್ಲ ಅದನ್ನು ಬೂಟು ಎನ್ನುತ್ತಿದ್ದಾರೆ, ಸೊನ್ನೆ ಹಾಕಬೇಕೇ ಎಂದು ದೂರದ ಶಾಲೆಯ ಮೇಷ್ಟ್ರೊಬ್ಬರು ಬಂದು ಕೇಳಿದಾಗ ಇನ್ಸಾಫ್ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಮಗು ಸರಿಯಾಗೇ ಹೇಳಿದೆ. ಇದು ಬೂಟೇ. ಪೂರ್ತಿ ಅಂಕ ಕೊಡಿ" ಎಂದರು. ತಾವೇ ಅದರ ಕರ್ತೃ ಎಂದು ಹೇಳಲಿಲ್ಲ. ಆ ಮೇಷ್ಟ್ರು ಹೊರಟಾಗ ಬುಟ್ಟಿಯಿಂದ ಹೊಸದಾಗಿ ಬರೆದ ಬಾತುಕೋಳಿಯೊಂದನ್ನು ಕೊಟ್ಟು ಕಳಿಸಿದರು, ಅಷ್ಟೆ.

ಹಾಗೆಂದು ಅವರನ್ನು ಎಲೆಮರೆಯ ಕಾಯಿ ಎನ್ನುವಂತಿಲ್ಲ. ಮೀನಂಗಡಿಯಲ್ಲಿ ಚೌಕಾಸಿ ಮಾಡುವಾಗ ಅವರ ದನಿ ನದಿಯ ಆಚೆ ದಡಕ್ಕೂ ಕೇಳಿಸುತ್ತಿತ್ತು.

ಇಂಥವರ ಪ್ರಭಾವವನ್ನು ಅಳೆಯುವ ಕೆಲಸ ಬಸೀಮಾಳ ಪಾಲಿಗೆ ಬಂತು.

ಬಸೀಮಾ ಕಾಲೇಜಿನ ಗ್ರಂಥಾಲಯದಲ್ಲಿ ಇದ್ದವಳು. ಓದಿದ್ದು ವಾಣಿಜ್ಯ ಡಿಪ್ಲೊಮಾ, ಸೇರಿದ್ದು ಬೆರಳಚ್ಚಿಗೆ. ಪ್ರಬಂಧಗಳನ್ನು ಟೈಪು ಮಾಡುತ್ತ ಮಾಡುತ್ತ, ಅರ್ಥವಾಗದ ಪದವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಧ್ಯಾಹ್ನದ ನಮಾಜು ಮುಗಿಸಿ ಮೂರನೆಯ ಕೊಠಡಿಯ ಮೂಲೆಯಲ್ಲಿ ಕೂತು ಇನ್ಸಾಫ್ ಅವರನ್ನು ಕೇಳುತ್ತ, ಇಪ್ಪತ್ತು ವರ್ಷದಲ್ಲಿ ಅವಳು ಕಲಿತದ್ದು ಯಾವ ಪ್ರಮಾಣಪತ್ರದಲ್ಲೂ ಇಲ್ಲ. ಈಗ ಕಾಲೇಜಿನ ಪ್ರಾಧ್ಯಾಪಕರ ಲೇಖನಗಳನ್ನು ಯಾರು ಯಾರು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಕಂಪ್ಯೂಟರಿನಲ್ಲಿ ಹುಡುಕಿ, ಲೆಕ್ಕ ಬರೆದು, ಕೆಳಗೆ ಸಹಿ ಹಾಕುವುದು ಅವಳ ಕೆಲಸ. ಸಹಿ ಹಾಕುವ ಮೊದಲು ಒಮ್ಮೆ ಬಿಸ್ಮಿಲ್ಲಾ ಎನ್ನುವಳು. ಹಾಕಿದ ಮೇಲೆ ಬದಲಿಸುವವಳಲ್ಲ.

ಆ ವರ್ಷ ಡೀನ್ ಡಾಕ್ಟರ್ ಹಾತಿಮ್ ಅವರಿಂದ ಸುತ್ತೋಲೆ ಬಂತು: ಕೊಠಡಿಗಳ ಅಭಾವವಿರುವುದರಿಂದ, ಪ್ರತಿ ಪ್ರಯೋಗಕೊಠಡಿಯ ಸ್ಥಾಪಕರ ಸಂಶೋಧನಾ ಪ್ರಭಾವವನ್ನು ಅಳೆಯಲಾಗುವುದು, ಎಚ್ ಸೂಚ್ಯಂಕ ಐದಕ್ಕಿಂತ ಕಡಿಮೆಯಾದಲ್ಲಿ ಕೊಠಡಿಯನ್ನು ಗುಣಮಟ್ಟ ಘಟಕಕ್ಕೆ ವಹಿಸಲಾಗುವುದು. ಗುಣಮಟ್ಟ ಘಟಕದ ಮುಖ್ಯಸ್ಥ ಡಾಕ್ಟರ್ ಫಿಕ್ರಿ ರಾಜಧಾನಿಯಿಂದ ಬಂದವರು, ಇಸ್ತ್ರಿಯ ಮನುಷ್ಯ. ನಕಲು ಯಂತ್ರದ ಪಕ್ಕದ ಕಿಷ್ಕಿಂಧೆಯಲ್ಲಿ ಎಂಟು ಜನರೊಂದಿಗೆ ಕೂತು ಗುಣಮಟ್ಟ ಕಾಯುತ್ತಿದ್ದ ಅವರಿಗೆ ಮೂರನೆಯ ಕೊಠಡಿಯ ಎರಡು ಕಿಟಕಿಗಳ ಮೇಲೆ ಕಣ್ಣಿದ್ದುದು ಅಸಹಜವೇನಲ್ಲ.

ಬಸೀಮಾ ಹುಡುಕಿದಳು. ಇನ್ಸಾಫ್ ಶಹಾತಾ: ಲೇಖನ ಹದಿನಾಲ್ಕು, ಸೂಚ್ಯಂಕ ಎರಡು. ಮತ್ತೊಮ್ಮೆ ಹುಡುಕಿದಳು. ಎರಡೇ.

ಚಹಾ ತಂದ ಜವಾನ ಹಾಜ್ ರಜಬ್, "ಏನ್ ಉಸ್ತಾಜಾ, ಮುಖ ಹುಳಿಮಜ್ಜಿಗೆ ಆಗಿದೆ?" ಎಂದ.

"ಡಾಕ್ಟರಾ ಇನ್ಸಾಫ್‌ದು ಎರಡು ಬಂತು ಯಾ ಹಾಜ್. ಐದು ಬೇಕು."

"ಎರಡು ಅಂದ್ರೆ ಏನು ಎರಡು?"

ಬಸೀಮಾ ಅವನ ತಟ್ಟೆಯನ್ನೇ ತೋರಿಸಿ ವಿವರಿಸಿದಳು. "ಒಂದೊಂದು ಲೇಖನ ಒಂದೊಂದು ತಟ್ಟೆ ಅಂದ್ಕೊ. ಯಾರಾದ್ರೂ ಆ ಲೇಖನದ ಹೆಸರು ಹೇಳಿದ್ರೆ ತಟ್ಟೆಗೊಂದು ತಮೀಯ ವಡೆ ಬೀಳುತ್ತೆ. ಐದು ಬರಬೇಕು ಅಂದ್ರೆ ಐದು ತಟ್ಟೆ ಇರಬೇಕು, ಒಂದೊಂದ್ರಲ್ಲೂ ಕಡಿಮೆ ಅಂದ್ರೆ ಐದು ವಡೆ ಇರಬೇಕು. ಇವರದು ಎರಡು ತಟ್ಟೇಲಿ ಎರಡೆರಡು ಇದೆ, ಅಷ್ಟೆ."

"ಒಂದೇ ತಟ್ಟೇಲಿ ನೂರು ವಡೆ ಇದ್ರೆ?"

"ಆಗಲೂ ಒಂದೇ."

ರಜಬ್ ತನ್ನ ತಟ್ಟೆಯನ್ನೊಮ್ಮೆ ನೋಡಿದ. "ಹಂಗಾದ್ರೆ ಈ ಲೆಕ್ಕ ಕಂಡುಹಿಡಿದೋನು ಒಂದಿನಾನೂ ಹಸ್ಕೊಂಡೋನಲ್ಲ ಬಿಡಿ" ಎಂದು ಲೋಟ ಎತ್ತಿಕೊಂಡು ಹೋದ.

ಮಂಗಳವಾರ ಬಸೀಮಾ ಮೂರನೆಯ ಕೊಠಡಿಗೆ ಹೋದಳು. ಇಪ್ಪತ್ತಮೂರು ಮಕ್ಕಳಿದ್ದವು ಆ ವರ್ಷ. ಇನ್ಸಾಫ್ ನೆಲದ ಮೇಲೆ ಕೋಟು ಹರಡಿ ಕೂತು ಒಂದು ಹುಡುಗಿಯ ಮುಂದೆ ಚೀಟಿ ಹಿಡಿದಿದ್ದರು. ಹುಡುಗಿ ಬಾಯಿ ತೆರೆಯುವವರೆಗೆ ಅವರು ಕಾಯುವುದನ್ನು ನೋಡಬೇಕು. ಮೀನಂಗಡಿಯ ದನಿಯವರು ಅವರೇ ಹೌದೋ ಅಲ್ಲವೋ ಎನ್ನಿಸುವಷ್ಟು ಸುಮ್ಮನೆ. ಹುಡುಗಿ ಒಂದು ಪದ ಓದಿದ ಮೇಲೆಯೇ ಬಸೀಮಾ ಸಂಖ್ಯೆಯನ್ನು ಹೇಳಿದಳು.

"ಎರಡಾ?" ಇನ್ಸಾಫ್ ಹುಬ್ಬೇರಿಸಿದರು. "ನಾನು ಒಂದು ಅಂದ್ಕೊಂಡಿದ್ದೆ. ಆ ಎರಡನೇ ಪುಣ್ಯಾತ್ಮ ಯಾರೇ?"

"ನಗಬೇಡಿ ಡಾಕ್ಟರಾ. ಕೊಠಡಿ ಹೋಗುತ್ತೆ."

ಆಗ ಅವರು ನಗುವುದನ್ನು ನಿಲ್ಲಿಸಿ ಮೇಜಿನ ದುಂಡು ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. "ಮೇಜು ಮನೆಗೆ ಒಯ್ಯಬಹುದು. ನನ್ನ ಮನೆ ನಾಲ್ಕನೇ ಅಂತಸ್ತು, ಈ ಮಕ್ಕಳಲ್ಲಿ ಮೂವರಿಗೆ ಕಾಲು ಸ್ವಾಧೀನ ಇಲ್ಲ" ಎಂದರು. "ಆದ್ರೂ ಬಸೀಮಾ, ನನಗೋಸ್ಕರ ಸಕ್ಕರೆ ಹಾಕಬೇಡ. ಎರಡಿದ್ರೆ ಎರಡು ಅಂತಲೇ ಬರಿ. ಹಾತಿಮ್ ಹತ್ರ ಹೋಗಿ ನಾನು ಗೋಗರೆಯೋದೂ ಇಲ್ಲ. ಅವನು ನನ್ನ ಶಿಷ್ಯ; ಶಿಷ್ಯನ ಹತ್ರ ಬೇಡಿದ್ರೆ ಅವನಿಗೆ 'ಇಲ್ಲ' ಅನ್ನೋಕೆ ಬಾಯಿ ಎಲ್ಲಿರುತ್ತೆ ಪಾಪ" ಎಂದು ಮುಂದಿನ ಚೀಟಿ ತೆಗೆದರು.

ಬಸೀಮಾ ಗ್ರಂಥಾಲಯಕ್ಕೆ ಹಿಂದಿರುಗಿ ಎರಡು ಎಂದೇ ಬರೆದಳು. ಸಹಿ ಹಾಕಲು ಹೋದವಳ ಕೈ ನಿಂತಿತು. ಎರಡು ಎನ್ನುವುದು ಸುಳ್ಳಲ್ಲ. ಆದರೆ ಅದು ನಿಜವೂ ಅಲ್ಲವೆಂದು ಅವಳ ಒಳಗು ಹೇಳುತ್ತಿತ್ತು. ಸುಳ್ಳೂ ಅಲ್ಲದ ನಿಜವೂ ಅಲ್ಲದ ಮಾತಿಗೆ ಸಹಿ ಹಾಕಿದರೆ ನಾಳೆ ಮೇಲಿನವನಿಗೆ ಯಾವ ಲೆಕ್ಕ ಒಪ್ಪಿಸುವುದು?

ನಮ್ಮ ಕಾಲೇಜಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಕಟ್ಟಳೆಯಿತ್ತು. ಹಿಂದೊಮ್ಮೆ ಒಬ್ಬ ಭೂಪ ಗುರುಗಳ ತಿದ್ದುಪಡಿಗಳಲ್ಲಿ ಒಂದನ್ನೂ ಮಾಡದೆ ಪ್ರಬಂಧಕ್ಕೆ ರಟ್ಟು ಹಾಕಿಸಿ ಪದವಿ ಹೊಡೆದುಕೊಂಡು ಹೋದ ಮೇಲೆ, ಗುರುಗಳ ಕೈಬರಹವಿರುವ ಕರಡನ್ನೂ ಅಚ್ಚಾದ ಪ್ರತಿಯ ಜೊತೆಗೆ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಆಗಿನ ಡೀನ್ ವಿಧಿಸಿದ್ದರು. ಒಪ್ಪಿಸಿದ ಕರಡುಗಳನ್ನು ನೆಲಮಾಳಿಗೆಯಲ್ಲಿ ಪೇರಿಸಲಾಗುತ್ತಿತ್ತು, ಮತ್ತೆ ನೋಡಿದವರಿಲ್ಲ. ಬಸೀಮಾ ರಜಬ್‌ನಿಂದ ದೀಪ ಹಿಡಿಸಿಕೊಂಡು ಇಳಿದಳು. ಮೊದಲ ಕರಡು ತೆರೆದಾಗ ಮೂರು ಕಡೆ, ಎರಡನೆಯದರಲ್ಲಿ ಒಂಬತ್ತು ಕಡೆ, ಬಾಲವಿರುವ ಹಸಿರು ಗೆರೆ.

"ಅಲ್ಲಾಹ್! ಇದೇನಿದು, ಸೊಪ್ಪು ಬೆಳೆದಂಗೆ ಬೆಳೆದೈತೆ!" ಎಂದ ರಜಬ್.

ಹನ್ನೆರಡು ದಿನ, ಮಧ್ಯಾಹ್ನದ ನಮಾಜಿನಿಂದ ಕಾಲೇಜು ಮುಚ್ಚುವವರೆಗೆ, ಅವಳು ತೊಂಬತ್ತನಾಲ್ಕು ಕರಡುಗಳ ಧೂಳು ಕುಡಿದಳು. ಹೊಡೆದ ಹೆಸರುಗಳು ಐನೂರ ಏಳು. ಆದರೆ ಅವರ ಮಾತು ಅವಳಿಗೆ ನೆನಪಿತ್ತು: ಭಯಕ್ಕೆ ಬರೆದದ್ದು ಸಲಾಮು. ಅವಳು ಮತ್ತೆ ಮೊದಲಿನಿಂದ ಕೂತಳು. ಹೆಸರನ್ನು ಹೊಡೆದ ಮೇಲೆ ವಾಕ್ಯ ಆರಾಮವಾಗಿ ನಿಂತಿದ್ದರೆ ಅದು ಸಲಾಮು, ಅವನ್ನು ಬಿಟ್ಟಳು. ಹೆಸರು ಹೋದ ಮೇಲೆ ವಾಕ್ಯ ಕುಂಟುತ್ತಿದ್ದರೆ, ಹೆಸರು ಹೋಗಿಯೂ ಅವರ ಚೀಟಿಗಳು, ಅವರ ಕ್ರಮ, ಅವರು ಮೊದಲು ಕಂಡ ಸಂಗತಿ ಆ ಪ್ರಬಂಧದ ಅಡಿಪಾಯವಾಗಿ ಉಳಿದಿದ್ದರೆ ಅದನ್ನು ಮಾತ್ರ ಇಟ್ಟುಕೊಂಡಳು. ನೂರ ತೊಂಬತ್ತೈದು ಸಲಾಮುಗಳು ಹೋದವು. ಮುನ್ನೂರ ಹನ್ನೆರಡು ಉಳಿದವು. ತಟ್ಟೆಗಳಿಗೆ ಹಂಚಿ ನೋಡಿದಳು: ಹನ್ನೊಂದು ತಟ್ಟೆಗಳಲ್ಲಿ ಕಡಿಮೆಯೆಂದರೂ ಹನ್ನೊಂದು. ಮೊದಲ ಪುಟದಲ್ಲಿ 'ಕಂಪ್ಯೂಟರಿನಂತೆ ಎರಡು' ಎಂದು, ಎರಡನೆಯ ಪುಟದಲ್ಲಿ 'ಕರಡುಗಳಂತೆ ಹನ್ನೊಂದು' ಎಂದು ಬರೆದಳು. ಬಿಸ್ಮಿಲ್ಲಾ ಎಂದು ಸಹಿ ಹಾಕಿದಳು. ವರದಿಯನ್ನು ಇನ್ಸಾಫ್ ಅವರಿಗೆ ಮಾತ್ರ ತೋರಿಸಲಿಲ್ಲ. ತೋರಿಸಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಮಿತಿ ಸೇರಿದ ದಿನ ಮೇಜಿನ ತುಂಬ ಕರಡುಗಳು. ಡೀನ್ ಹಾತಿಮ್ ಸುಮ್ಮನೆ ಒಂದನ್ನು ಎಳೆದುಕೊಂಡು ತೆರೆದರು, ಅದು ಅವರದೇ. ಇಪ್ಪತ್ತೆರಡು ವರ್ಷದ ಹಿಂದಿನ ತಮ್ಮ ಕೈಬರಹ, ಅದರ ಮೇಲೆ ಹದಿನಾಲ್ಕು ಹಸಿರು ಗೆರೆ, ಕೊನೆಯ ಪುಟದ ಅಂಚಿನಲ್ಲಿ 'ಹಾತಿಮ್, ಮಗು ಎಲ್ಲಿ?'

"ಅಯ್ಯೋ!" ಎಂದು ಡೀನ್ ಕುರ್ಚಿಗೊರಗಿ ನಕ್ಕರು. "ಈ ಹದಿನಾಲ್ಕು ಹೆಸರು ಬರೆಯೋಕೆ ನಾನು ಒಂದು ವಾರ ಒದ್ದಾಡಿದ್ದೆ. ಹೊಡೆದಾಕಿದ್ರು. ನಾಲ್ಕು ದಿನ ಮಾತು ಬಿಟ್ಟಿದ್ದೆ ಅವರ ಹತ್ರ. ಐದನೇ ದಿನ ಮುಲೂಖಿಯ್ಯ ಮಾಡಿ ಕರೆದರು, ಹೋದೆ."

ಡಾಕ್ಟರ್ ಫಿಕ್ರಿ ನಗಲಿಲ್ಲ. ಅವರು ವರದಿಯನ್ನು ಎರಡು ಬಾರಿ ಓದಿದ್ದರು, ಮತ್ತು ಅವರ ಪ್ರಶ್ನೆ ದಡ್ಡ ಪ್ರಶ್ನೆಯೂ ಆಗಿರಲಿಲ್ಲ. "ಡೀನ್ ಸಾಹೇಬ್ರೇ, ತಾವು ಅವರ ಶಿಷ್ಯರು, ತಮ್ಮ ಸಾಕ್ಷಿ ನಡೆಯಲ್ಲ. ಹಸಿರು ಪೆನ್ನು ಪೇಟೇಲಿ ಎಲ್ಲಾ ಕಡೆ ಸಿಗುತ್ತೆ. ಈ ಗೆರೆಗಳನ್ನ ಯಾರು ಎಳೆದ್ರು, ಯಾವಾಗ ಎಳೆದ್ರು? ಯಾರೋ ಹೋದ ತಿಂಗಳು ಕೂತು ಒಂದೊಂದು ಹೆಸರು ಸೇರಿಸಿ, ಅದರ ಮೇಲೆ ಗೆರೆ ಎಳೆದಿರಬಹುದಲ್ಲ?" ಅವರು ಬಸೀಮಾಳ ಕಡೆ ತಿರುಗಿದರು. "ನೆಲಮಾಳಿಗೆ ಕೀಲಿ ಯಾರ ಹತ್ರ ಇರುತ್ತೆ ಉಸ್ತಾಜಾ?"

ಬಸೀಮಾಳ ಕಿವಿ ಕಾದವು. ಇಪ್ಪತ್ತು ವರ್ಷದಲ್ಲಿ ಅವಳ ಸಹಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. "ನನ್ನ ಹತ್ರ" ಎಂದಳು.

"ಅವರನ್ನೇ ಕರೆದು ಕೇಳೋಣ" ಎಂದರು ಇನ್ನೊಬ್ಬ ಸದಸ್ಯರು.

"ಕೇಳಿದ್ರೆ ಯಾರು ಇಲ್ಲ ಅಂತಾರೆ?" ಎಂದರು ಫಿಕ್ರಿ. "ಕರೀರಿ, ಆದ್ರೆ ಗೆರೆ ಮಾತು ಎತ್ತಬೇಡಿ. ನಿಯಮದ ಪ್ರಕಾರ ಲೇಖನಗಳು ತಮ್ಮವೇ ಅಂತ ಅವರು ವರದಿಗೆ ಸಹಿ ಹಾಕಬೇಕು. ಅದೂ ಆಗಿಲ್ಲ ಇಲ್ಲಿ."

ರಜಬ್ ಓಡಿದ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಮೊದಲು ಬುಟ್ಟಿ, ಆಮೇಲೆ ಕಂದು ಕೋಟಿನ ಒಂದು ತೋಳು, ಆಮೇಲೆ ಅಡ್ಡಡ್ಡ ಇನ್ಸಾಫ್. ಬುಟ್ಟಿಯಿಂದ ಅರುಗುಲ ಸೊಪ್ಪಿನ ಎರಡು ಕಟ್ಟುಗಳು ಇಣುಕುತ್ತಿದ್ದವು.

"ಸಲಾಮು ಅಲೈಕುಮ್. ಬೇಗ ಹೇಳಿ ಹಾತಿಮ್, ಇವತ್ತು ಶನಿವಾರ, ಕೆಳಗೆ ಮಕ್ಕಳು ಕಾಯ್ತಿದಾವೆ."

"ಒಂದು ಸಹಿ ಅಷ್ಟೆ ಡಾಕ್ಟರಾ" ಎಂದು ಡೀನ್ ವರದಿಯನ್ನು ಮುಂದೆ ನೂಕಿದರು.

ಅವರು ಕೂರಲಿಲ್ಲ. ಕನ್ನಡಕ ಏರಿಸಿಕೊಂಡು ನಿಂತೇ ಓದತೊಡಗಿದರು. ಕೈ ತಾನಾಗಿ ಕಿವಿಯ ಮೇಲಕ್ಕೆ ಹೋಯಿತು, ಹಸಿರು ಪೆನ್ನು ಇಳಿಯಿತು. 'ಡಾ. ಇನ್ಸಾಫ್ ಶಹಾತಾ ಅವರ ಸಂಶೋಧನೆಯ ಪ್ರಭಾವ' ಎಂಬ ಶೀರ್ಷಿಕೆಯಲ್ಲಿ ಹೆಸರಿನ ಮೇಲೆ ಬಲದಿಂದ ಎಡಕ್ಕೆ ಒಂದು ಗೆರೆ, ತುದಿಯಲ್ಲಿ ಬಾಲ. ಪುಟ ಮಗುಚಿದರು, ಇನ್ನೊಂದು. ಮೂರನೆಯದು. ನಾಲ್ಕನೆಯದರ ಬಾಲ ಕೊಂಕಿಸುವಾಗ ಅವರು ಗೊಣಗಿದರು: "ಹನ್ನೆರಡು ಪುಟ, ಎಲ್ಲಾ ನನ್ನದೇ ಪುರಾಣ. ಬಸೀಮಾ, ನಿನಗೂ ಇದೇ ಕಲಿಸಿದ್ನಾ ನಾನು? ಇದರಲ್ಲಿ ಮಗು ಎಲ್ಲಿದೆ?" ಮತ್ತೆ ಮೊದಲ ಪುಟಕ್ಕೆ ಬಂದು, ಹೊಡೆದ ಹೆಸರಿನ ಮೇಲೆ ಪುಟ್ಟ ಅಕ್ಷರದಲ್ಲಿ 'ಮೂರನೆಯ ಕೊಠಡಿ' ಎಂದು ಬರೆದರು.

ತಲೆಯೆತ್ತಿ ನೋಡಿದಾಗ ಮೇಜಿನ ಸುತ್ತ ಕೂತವರೆಲ್ಲ ಇನ್ಸಾಫ್ ಅವರ ಕೈಯ ಪೆನ್ನನ್ನೇ ನೋಡುತ್ತಿದ್ದರು. ಮೊದಲು ಸ್ಫೋಟಿಸಿದ್ದು ಡೀನರ ನಗು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಬಸೀಮಾ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂತೆ ಕೂತಿದ್ದಳು.

"ಏನಾಯ್ತ್ರೋ ನಿಮಗೆ? ಚಹಾದಲ್ಲಿ ಏನ್ ಹಾಕಿದೆ ರಜಬ್?" ಎಂದರು ಇನ್ಸಾಫ್.

ಡಾಕ್ಟರ್ ಫಿಕ್ರಿ ಮಾತ್ರ ಕರಡುಗಳನ್ನು ಒಂದೊಂದಾಗಿ ವರದಿಯ ಪಕ್ಕಕ್ಕಿಟ್ಟು ನೋಡುತ್ತಿದ್ದರು. ಇಪ್ಪತ್ತಾರು ವರ್ಷದ ಹಿಂದಿನದು, ಹತ್ತು ವರ್ಷದ ಹಿಂದಿನದು, ಈಗಷ್ಟೇ ಎಳೆದ, ಇನ್ನೂ ಒಣಗದ್ದು. ಬಾಲದ ಕೊಂಕು ಒಂದೇ. ಇಸ್ತ್ರಿಯ ಮನುಷ್ಯರಾದರೂ ಅವರು ನ್ಯಾಯದ ಮನುಷ್ಯರು. ಬಸೀಮಾಳ ಕಡೆ ತಿರುಗಿ, "ಕೀಲಿ ವಿಷಯ ನಾನು ಆಡಬಾರದಿತ್ತು ಉಸ್ತಾಜಾ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಮತ್ತೆ ಅವರಿಗೆ ಕುತೂಹಲ ತಡೆಯಲಿಲ್ಲ. "ಆದ್ರೆ ಈ ಬಾಲ ಯಾಕೆ? ಹೊಡೆದಾಕೋಕೆ ಗೆರೆ ಸಾಕಲ್ಲ?"

ಇನ್ಸಾಫ್ ಪೆನ್ನನ್ನು ನೋಡಿಕೊಂಡರು, ಅದು ತಮಗೇ ಹೊಸ ಸಂಗತಿ ಎಂಬಂತೆ. ಉತ್ತರ ಬಂದದ್ದು ಚಹಾದ ತಟ್ಟೆ ಹಿಡಿದು ನಿಂತಿದ್ದ ರಜಬ್‌ನಿಂದ. ಅವನೂ ಬಡಗಿಯ ಮಗನೇ. "ಅದು ಹೊಡೆದಾಕೋ ಗೆರೆ ಅಲ್ಲ ಸಾಹೇಬ್ರೇ. ಒಳಮೈ ಗುರುತು. ಹಲಗೆ ಆರಿಸ್ತಾರಲ್ಲ, ಚೆಂದ ಇರೋ ಮೈ ಹೊರಕ್ಕೆ. ಗಟ್ಟಿ ಇರೋ ಮೈಗೆ ಹಿಂಗೊಂದು ಬಾಲದ ಗೆರೆ ಎಳೀತಾರೆ. ಅದು ಕಪಾಟಿನ ಒಳಕ್ಕೆ ಹೋಗಬೇಕು, ಮೊಳೆ ಹಿಡೀಬೇಕು ಅಂತ ಅರ್ಥ. ಉಸ್ತಾ ಶಹಾತಾ ಎಳೀತಿದ್ದುದೂ ಹಿಂಗೇ."

ಇನ್ಸಾಫ್ ಅವರ ಮುಖದಲ್ಲಿ ಏನೋ ಸುಳಿದು ಹೋಯಿತು. "ಹೌದಾ?" ಎಂದರು ಮೆಲ್ಲಗೆ. ಆಮೇಲೆ ಬುಟ್ಟಿಯನ್ನು ಮೊಣಕೈಗೆ ಏರಿಸಿಕೊಂಡು, ಅರುಗುಲದ ಒಂದು ಕಟ್ಟನ್ನು ಫಿಕ್ರಿಯವರ ಫೈಲಿನ ಮೇಲಿಟ್ಟು, "ತಗೋ ಮಗನೇ, ಕಣ್ಣಿಗೆ ಒಳ್ಳೇದು. ತುಂಬ ಓದ್ತೀಯ" ಎಂದು ಅಡ್ಡಡ್ಡ ಹೊರಗೆ ಹೋದರು. ಸಹಿ ಹಾಕುವುದು ಮರೆತೇಹೋಗಿತ್ತು.

"ಬಸೀಮಾ" ಎಂದರು ಡೀನ್ ಕಣ್ಣೊರೆಸಿಕೊಳ್ಳುತ್ತ, "ಮುನ್ನೂರ ಹನ್ನೆರಡು ತಪ್ಪು. ಮುನ್ನೂರ ಹದಿನಾರು ಅಂತ ತಿದ್ದು."

ಅವಳು ತಿದ್ದಲಿಲ್ಲ. ಸಹಿ ಹಾಕಿದ ಮೇಲೆ ಬದಲಿಸುವ ಅಭ್ಯಾಸ ಅವಳಿಗಿರಲಿಲ್ಲ. ಮೇಲಾಗಿ ಆ ನಾಲ್ಕರಲ್ಲಿ ಎರಡಾದರೂ ಬರಿಯ ಸಲಾಮು ಎಂದು ಅವಳಿಗೆ ಗೊತ್ತಿತ್ತು.

ಮೂರನೆಯ ಕೊಠಡಿ ಮಕ್ಕಳಿಗೇ ಉಳಿಯಿತು. ಗುಣಮಟ್ಟ ಘಟಕ ನಕಲು ಯಂತ್ರದ ಪಕ್ಕದಲ್ಲಿಯೇ ಇದೆ. ಈಗ ಬಾತುಕೋಳಿ ಚೀಟಿಗಳು ಅಲ್ಲಿಂದ ನಕಲಾಗಿ ಹೊರಡುವಾಗ ಡಾಕ್ಟರ್ ಫಿಕ್ರಿ ಒಂದೊಂದನ್ನೂ ಬೆಳಕಿಗೆ ಹಿಡಿದು, ಬೂಟಿನಂತೆ ಕಂಡದ್ದನ್ನು ಹರಿದುಹಾಕುತ್ತಾರೆ. ಅವರು ಈ ಊರಿಗೆ ಬಂದ ಹೊಸತರಲ್ಲಿ ಹಳೆಯದೊಂದು ಕಪಾಟು ಕೊಂಡಿದ್ದರಂತೆ. ಸಮಿತಿ ಸೇರಿದ ದಿನ ಮನೆಗೆ ಹೋದವರೇ ಹೆಂಡತಿಯ ಬಟ್ಟೆಬರೆಯನ್ನೆಲ್ಲ ಮಂಚದ ಮೇಲೆ ಸುರಿದು, ಕಪಾಟಿನೊಳಗೆ ತಲೆ ತೂರಿಸಿ, "ಇದೆ ಕಣೇ! ಇದೆ!" ಎಂದು ಕೂಗಿದರೆಂದು ಅವರ ಹೆಂಡತಿಯೇ ಮೀನಂಗಡಿಯಲ್ಲಿ ಹೇಳಿಕೊಂಡು ನಕ್ಕಳು. ಯಾರ ಕೈಯ ಗೆರೆಯೋ, ಗೊತ್ತಿಲ್ಲ. ಹೆಸರು ಬರೆದಿರಲಿಲ್ಲ.

ವರದಿ ಗ್ರಂಥಾಲಯದ ಕಡತದಲ್ಲಿದೆ. ಅದನ್ನು ತೆರೆದವರಿಗೆ ಅದು ಯಾರ ಪ್ರಭಾವವನ್ನು ಅಳೆದದ್ದೆಂದು ತಿಳಿಯುವುದು ಕಷ್ಟ. ಅಳತೆಗೊಳಗಾದವರೇ ತಮ್ಮ ಹೆಸರನ್ನು ಅಳಿಸಿದ ಅಳತೆ ಅದು. ಡಾಕ್ಟರಾ ಇನ್ಸಾಫ್ ಅವರಂಥವರು ಪ್ರತಿ ಊರಿನಲ್ಲಿ, ಪ್ರತಿ ಕಾಲೇಜಿನಲ್ಲಿ, ನೋಡಬಲ್ಲವರಿಗೆ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರು ಬಚ್ಚಿಟ್ಟುಕೊಂಡವರಲ್ಲ, ನೊಂದುಕೊಂಡವರೂ ಅಲ್ಲ. ಸಂತೆಯಲ್ಲಿ ಅವರ ದನಿ ಎಲ್ಲರಿಗಿಂತ ಜೋರು. ತಮ್ಮ ಗಟ್ಟಿಯಾದ ಮೈಯನ್ನು ತಾವೇ ಗುರುತು ಮಾಡಿ ಒಳಕ್ಕೆ ತಿರುಗಿಸಿಕೊಂಡಿರುತ್ತಾರೆ, ಅಷ್ಟೆ. ನಾವು ಅಳತೆಪಟ್ಟಿ ಹಿಡಿದು ಹೊರಗಿನ ಹೊಳಪನ್ನು ಅಳೆದು ಎರಡೆಂದೋ ಹತ್ತೆಂದೋ ಬರೆದುಕೊಂಡು ಹೋಗುತ್ತೇವೆ. ಅಂಥವರ ನಿಜವಾದ ಅಳತೆ ಬೇಕಾದವನು ಫಿಕ್ರಿಯವರಂತೆ ಒಂದು ದಿನ ಬಟ್ಟೆಬರೆಯನ್ನೆಲ್ಲ ಹೊರಗೆ ಸುರಿದು, ನಾಚಿಕೆ ಬಿಟ್ಟು, ತಲೆಯನ್ನು ಒಳಗೆ ತೂರಿಸಬೇಕು.